ಬಿ.ಎ. ಇತಿಹಾಸ: ನೋಟ್ಸ್ ಓದೋದು ಹೇಗೆ, ಸ್ಕ್ರೈಬ್ ಕೈಲಿ ಬರೆಸೋದು ಹೇಗೆ?

ಪ್ರಶ್ನೆ (ಬಿ.ಎ. ಮೊದಲ ವರ್ಷದ ವಿದ್ಯಾರ್ಥಿನಿ):
ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಂಧರ ಶಾಲೆಯಲ್ಲಿ ಬ್ರೈಲ್ ಓದಿ ಬೆಳೆದವಳು. ಈಗಿನ ಕಾಲೇಜಿನಲ್ಲಿ ಬ್ರೈಲ್ ಪುಸ್ತಕ ಇಲ್ಲ. ಮೇಷ್ಟ್ರು ನೋಟ್ಸ್ ವಾಟ್ಸಾಪ್‌ಗೆ ಹಾಕುತ್ತಾರೆ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ (ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಅದನ್ನು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಅಂತ ಓದುತ್ತದೆ. ಕೆಲವು ಫೈಲ್‌ಗಳಲ್ಲಂತೂ ಮಾತೇ ಬರುವುದಿಲ್ಲ. ಗೆಳತಿಯರು ಓದಿ ಹೇಳುತ್ತಾರೆ, ಆದರೆ ಅವರಿಗೂ ಪರೀಕ್ಷೆ ಇದೆ ಅಲ್ವಾ? ನನಗೆ ಸುಮ್ನೆ ಪಾಸಾದರೆ ಸಾಲದು, ಎಂ.ಎ.ಗೆ ಸೀಟು ಸಿಗುವಷ್ಟು ಅಂಕ ಬೇಕು. ಸ್ಕ್ರೈಬ್, ಅಂದರೆ ಪರೀಕ್ಷೆಯಲ್ಲಿ ನಾವು ಹೇಳಿದ್ದನ್ನು ಬರೆಯುವವರ ಕೈಲಿ ಬರೆಸಿದವರು ಯಾರಾದರೂ ಇದ್ದರೆ ಹೇಳಿ.

ಉತ್ತರ 1:
ತಂಗಿ, ನನಗೂ ಕಣ್ಣು ಕಾಣಲ್ಲ. ಇತಿಹಾಸದಲ್ಲೇ ಎಂ.ಎ. ಮಾಡಿದ್ದೇನೆ. ಆ ನೋಟ್ಸ್ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಆಗಿರಬೇಕು. ನೋಡುವವರಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಮೇಷ್ಟ್ರ ಹತ್ತಿರ ವರ್ಡ್ ಫೈಲನ್ನೇ ಕೇಳಿ ತಗೊಂಡು ಯೂನಿಕೋಡ್‌ಗೆ (ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಅಕ್ಷರ ವ್ಯವಸ್ಥೆ) ಬದಲಿಸಿ. ಮಾತೇ ಬಾರದ ಫೈಲ್ ಸ್ಕ್ಯಾನ್ ಮಾಡಿದ್ದು. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ, ಚಿತ್ರದಲ್ಲಿರುವುದು ಓದಿಸಬಹುದಾದ ಅಕ್ಷರವಾಗುತ್ತದೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ. ಇಸವಿಗಳನ್ನು ಮಾತ್ರ ಯಾರಿಂದಾದರೂ ಸರಿ ನೋಡಿಸಿ.

ಜಾಸ್ತಿ ತಯಾರಿ ಬೇಕಾಗಿರುವುದು ಸ್ಕ್ರೈಬ್‌ಗೆ. ವಾರಕ್ಕೊಂದು ಹತ್ತು ಅಂಕದ ಉತ್ತರ ಈಗಿನಿಂದಲೇ ಹೇಳಿ ಬರೆಸಿ. ಅದೂ ಇತಿಹಾಸ ಓದದವರ ಕೈಲಿ. "ಐಹೊಳೆ ಶಾಸನ, ಕ್ರಿ.ಶ. 634, ಅಡಿಗೆರೆ ಹಾಕು. ಬರೆದವನು ರವಿಕೀರ್ತಿ. ಕೀ ದೀರ್ಘ, ತಿಗೆ ಅರ್ಕಾವತ್ತು. ಹೊಸ ಪ್ಯಾರಾ." ಹೀಗೆ ಸಲೀಸಾಗಿ ಬಾಯಿಗೆ ಬರಬೇಕು. ಅವರು ಬರೆಯುತ್ತಿರುವಾಗಲೇ ಮುಂದಿನ ವಾಕ್ಯ ಮನಸ್ಸಿನಲ್ಲಿ ಸಿದ್ಧ ಇರಲಿ. ಪ್ರತಿ ಉತ್ತರ ಮುಗಿದ ಮೇಲೆ ಓದಿಸಿ ಕೇಳಿ. ನನಗೆ ಅಂಕ ತಂದುಕೊಟ್ಟದ್ದು ಈ ಅಭ್ಯಾಸವೇ.

ಉತ್ತರ 2 (ಉಪನ್ಯಾಸಕಿ):
ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಸ್ಕ್ರೈಬ್, ಹೆಚ್ಚುವರಿ ಸಮಯ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿವೆ. ಯಾರೋ ದಯೆಯಿಂದ ಕೊಡುವುದಲ್ಲ, ಸಂಕೋಚ ಬೇಡ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ಇಟ್ಟು ಪ್ರಿನ್ಸಿಪಾಲರಿಗೆ ಈಗಲೇ ಅರ್ಜಿ ಕೊಡಿ. ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಅಣ್ಣ, ಮೇಡಂ. ವರ್ಡ್ ಫೈಲ್ ನಾಳೆಯೇ ಕೇಳುತ್ತೇನೆ. ನಕ್ಷೆ ಗುರುತಿಸುವ ಪ್ರಶ್ನೆಗೆ ಏನು ಮಾಡಲಿ?

ಉತ್ತರ 2:
ಅದರ ಬದಲು ಬೇರೆ ಪ್ರಶ್ನೆ ಕೊಡಿ ಅಂತ ಅದೇ ಅರ್ಜಿಯಲ್ಲಿ ಬರೆಯಿರಿ. ಪ್ರಶ್ನೆಪತ್ರಿಕೆ ತಯಾರಾಗುವ ಮೊದಲೇ ಅದು ಪರೀಕ್ಷಾ ವಿಭಾಗಕ್ಕೆ ತಲುಪಬೇಕು.