ಪ್ರಶ್ನೋತ್ತರ: ಕಂಪನಿಯಿಂದ ಹಣ ಪಡೆದದ್ದನ್ನು ಸಂಶೋಧನಾ ಪೇಪರ್‌ನಲ್ಲಿ ಹೇಳಬೇಕಾ?

ಪಿಎಚ್‌ಡಿ ವಿದ್ಯಾರ್ಥಿನಿ: ಮೇಡಂ, ನಮ್ಮ ಪೇಪರ್ ಒಂದು ಸಕ್ಕರೆ ಕಾಯಿಲೆ ಮಾತ್ರೆಯ ಬಗ್ಗೆ. ಆ ಕಂಪನಿಯಿಂದ ನಮ್ಮ ಗೈಡ್ ಹೋದ ವರ್ಷ ಭಾಷಣಕ್ಕೆ ಹಣ ತಗೊಂಡಿದ್ದಾರೆ. ಫಾರ್ಮ್‌ನಲ್ಲಿ ‘ಏನೂ ಇಲ್ಲ’ ಅಂತ ಹಾಕು ಅನ್ನುತ್ತಿದ್ದಾರೆ.

ಸಂಪಾದಕಿ: ಹಾಕಬೇಡಿ. ಐಸಿಎಂಜೆಇ, ಅಂದರೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅದರ ಫಾರ್ಮ್ ಎರಡು ವಿಷಯ ಕೇಳುತ್ತದೆ. ಈ ಕೆಲಸಕ್ಕೇ ಸಿಕ್ಕ ನೆರವು ಎಷ್ಟು ಹಳೆಯದಾದರೂ ಹೇಳಬೇಕು. ಭಾಷಣದ ಹಣ, ಸಲಹೆಯ ಶುಲ್ಕ, ಷೇರು, ಪ್ರಯಾಣದ ಖರ್ಚು ಇಂಥದ್ದಾದರೆ ಹಿಂದಿನ 36 ತಿಂಗಳದ್ದು. ನಿಮ್ಮ ಗೈಡ್ ಅವರದ್ದು ಅದರೊಳಗೇ ಬರುತ್ತದೆ. ಅವರ ಫಾರ್ಮ್ ಅವರೇ ತುಂಬಲಿ. ಮೇಲ್‌ನಲ್ಲಿ ಕಳಿಸಿ, ಆ ಮೇಲ್ ಇಟ್ಟುಕೊಳ್ಳಿ. ನಿಮ್ಮ ಡಿಗ್ರಿ ಅವರ ಕೈಯಲ್ಲಿದೆ, ಅದೇ ನನಗೆ ಚಿಂತೆ. ಒಬ್ಬರೇ ಎದುರು ನಿಲ್ಲಬೇಡಿ, ಸಹಲೇಖಕರಲ್ಲಿ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಹೋಸೆ ಬಸೆಲ್ಗಾ ಕಂಪನಿಗಳ ಹಣದ ವಿಷಯ ಹತ್ತಾರು ಪೇಪರ್‌ಗಳಲ್ಲಿ ಹೇಳಿರಲಿಲ್ಲ. ಸುದ್ದಿ ಮಾಧ್ಯಮಗಳು ಬಯಲು ಮಾಡಿದ ಮೇಲೆ 2018ರಲ್ಲಿ ಹುದ್ದೆ ಬಿಟ್ಟರು. ಅಷ್ಟು ದೊಡ್ಡವರಿಗೇ ಹೀಗಾಯಿತು ಅಂತ ನಿಮ್ಮ ಗೈಡ್‌ಗೆ ತೋರಿಸಿ.

ಮೈಸೂರಿನ ಸದಸ್ಯ: ಯುಜಿಸಿ ಫೆಲೋಶಿಪ್ ಕೂಡ ಹೇಳಬೇಕಾ?

ಸಂಪಾದಕಿ: ಹೌದು, ಹಣದ ನೆರವಿನ ವಿಭಾಗದಲ್ಲಿ.

ಧಾರವಾಡದ ಸದಸ್ಯ: ಫಾರ್ವರ್ಡ್ ಬಂದಿದೆ: ‘50 ಸಾವಿರದ ಒಳಗಿದ್ದರೆ ಹೇಳಬೇಕಿಲ್ಲ. “ಇಲ್ಲ” ಅಂತ ಹಾಕಿದರೆ ಪೇಪರ್ ಬೇಗ ಪಾಸ್.’

ಸಂಪಾದಕಿ: ಆ ಫಾರ್ಮ್‌ನಲ್ಲಿ ಅಂಥ ಮಿತಿಯೇ ಇಲ್ಲ. ಇದನ್ನು ನಂಬಿ ಹುಡುಗರು ಸಿಕ್ಕಿಹಾಕಿಕೊಳ್ಳುತ್ತಾರೆ. ದಯವಿಟ್ಟು ಅಳಿಸಿ.

ಹುಬ್ಬಳ್ಳಿಯ ಸದಸ್ಯ: ನನ್ನ ಹೆಂಡತಿ ಔಷಧ ಕಂಪನಿಯಲ್ಲಿದ್ದಾಳೆ. ಅದೂ ಬರುತ್ತಾ?

ಧಾರವಾಡದ ಸದಸ್ಯ: ಹೇಳಿಕೊಂಡರೆ ರಿಜೆಕ್ಟ್ ಮಾಡ್ತಾರೆ, ಅಷ್ಟೇ.

ಫಾರ್ಮಕಾಲಜಿ ಮೇಷ್ಟ್ರು: ಸುಮ್ನೆ ಹೆದರಿಸಬೇಡಿ. ಮುಚ್ಚಿಟ್ಟರೇ ಅಪಾಯ. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್‌ನ ವೈದ್ಯ ವೇಕ್‌ಫೀಲ್ಡ್, ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದರು. ಲಸಿಕೆ ಕಂಪನಿಗಳ ಮೇಲೆ ಕೇಸು ಹಾಕಲು ಹೊರಟಿದ್ದ ವಕೀಲರ ಮೂಲಕ ಅವರಿಗೆ ಹಣ ಬರುತ್ತಿತ್ತು. ಗೊತ್ತಾಗಿದ್ದು 2004ರಲ್ಲಿ. ಅಷ್ಟರಲ್ಲಿ ಎಷ್ಟು ತಾಯಂದಿರು ಹೆದರಿ ಲಸಿಕೆ ಬಿಟ್ಟರು!

ಧಾರವಾಡದ ಸದಸ್ಯ: 2010ರಲ್ಲಿ ಆ ಪೇಪರ್ ಹಿಂಪಡೆದದ್ದು ಮಕ್ಕಳನ್ನು ಆರಿಸಿದ ರೀತಿ, ಎಥಿಕ್ಸ್ ಸಮಿತಿಯ ಒಪ್ಪಿಗೆ ಇವುಗಳ ಬಗ್ಗೆ ಬರೆದದ್ದು ಸುಳ್ಳಾದ್ದಕ್ಕೆ. ಓದಿಕೊಂಡು ಮಾತಾಡಿ.

ಫಾರ್ಮಕಾಲಜಿ ಮೇಷ್ಟ್ರು: ಹಣದ ಸುದ್ದಿ ಹೊರಬಿದ್ದ ಮೇಲೇ ತಾನೇ ಎಲ್ಲ ಕೆದಕಿದ್ದು? ನಿಮಗೆ ಯಾವ ಕಂಪನಿ ಕೊಡುತ್ತೆ, ಅದನ್ನೂ ಹೇಳಿ.

ಧಾರವಾಡದ ಸದಸ್ಯ: ನಾಲಿಗೆ ಹಿಡಿತದಲ್ಲಿರಲಿ.

ತುಮಕೂರಿನ ಸದಸ್ಯೆ: ಐಸಿಎಂಆರ್ ಗ್ರಾಂಟ್ ಹೇಳಬೇಕಾ ಮೇಡಂ?

ಸಂಪಾದಕಿ: ಮೇಲೆ ಓದಿ.

ಪಿಎಚ್‌ಡಿ ವಿದ್ಯಾರ್ಥಿನಿ: ಮೇಡಂ, ಗೈಡ್‌ಗೆ ಫಾರ್ಮ್ ಕಳಿಸಿದೆ. ಆದರೆ ಈಗಾಗಲೇ ಅಚ್ಚಾದ ಪೇಪರ್ ಒಂದರಲ್ಲೂ ‘ಇಲ್ಲ’ ಅಂತಲೇ ಇದೆ.

ಸಂಪಾದಕಿ: ಲೇಖಕರೇ ಆ ಪೇಪರ್ ಅಚ್ಚಾದ ಪತ್ರಿಕೆಗೆ ಬರೆದು ತಿದ್ದುಪಡಿ ಹಾಕಿಸಬಹುದು, ಬೇರೆಯವರು ದೂರು ಕೊಡುವ ಮೊದಲು. ಪೇಪರ್‌ನ ಹೆಸರು ಇಲ್ಲಿ ಹಾಕಬೇಡಿ. ನನಗೊಬ್ಬಳಿಗೇ ಕಳಿಸಿ, ಇವತ್ತೇ.