ಆರ್ಕೇಡ್ ಮಾನಿಟರ್: ಶಬ್ದ ಬರುತ್ತಿದೆ, ಪರದೆ ಕತ್ತಲಾಗಿದೆ, ಹೊಸ ಫ್ಯೂಸ್ ಹಾಕಿದರೂ ಹೋಗುತ್ತಿದೆ

ಶರಾವತಿ_ತೀರ (ಸಾಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನವರು ಪೇಟೆಯಲ್ಲಿ ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿದ್ದ ಕಾಲದ ಆರ್ಕೇಡ್ ಕ್ಯಾಬಿನೆಟ್ ಒಂದು ಅಡಿಕೆ ತುಂಬುವ ಕೋಣೆಯಲ್ಲಿ ಉಳಿದುಕೊಂಡಿದೆ. ಮಳೆಗಾಲ ಕಳೆದ ಮೇಲೆ ಅದನ್ನು ಹಾಕಿ ನೋಡಿದಾಗ ಆಟದ ಸಂಗೀತ ಸ್ಪಷ್ಟವಾಗಿ ಕೇಳಿಸಿತು; ಆದರೆ 19 ಅಂಗುಲದ ಪರದೆಯಲ್ಲಿ ಏನೂ ಮೂಡಲಿಲ್ಲ, ಪಿಕ್ಚರ್ ಟ್ಯೂಬಿನ ಕುತ್ತಿಗೆಯಲ್ಲಿ ಕಾಣಬೇಕಾದ ಕೆಂಪು ಬೆಳಕೂ ಇರಲಿಲ್ಲ. ಮಾನಿಟರಿನ ಫ್ಯೂಸ್ ಒಳಗೆಲ್ಲ ಕಪ್ಪಾಗಿತ್ತು. ಅದೇ ಆಂಪಿಯರಿನ ಹೊಸದನ್ನು ಹಾಕಿದ ಕೂಡಲೇ ಅದೂ ಹೋಯಿತು. ಟ್ಯೂಬ್ ಸತ್ತಿದೆ, ಎಲ್‌ಸಿಡಿ ಕೂರಿಸಿ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಮೂಲ ಪರದೆಯನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಎರಡೂ ಇವೆ. ಎಲ್ಲಿಂದ ಆರಂಭಿಸಲಿ?

ದುರ್ಗಿಗುಡಿ_ಟಿವಿ (ಶಿವಮೊಗ್ಗ)

ದಯವಿಟ್ಟು ಟ್ಯೂಬನ್ನು ಈಗಲೇ ಕೈಬಿಡಬೇಡಿ. ಈ ಬಗೆಯ ಬಹುಪಾಲು ಮಾನಿಟರ್‌ಗಳಲ್ಲಿ ಟ್ಯೂಬಿನ ಹೀಟರಿಗೆ (ಕುತ್ತಿಗೆಯಲ್ಲಿ ಕೆಂಪಗೆ ಬೆಳಗುವ ತಂತಿಗೆ) ಬೇಕಾದ 6.3 ವೋಲ್ಟ್ ಎಲ್‌ಓಟಿಯಿಂದಲೇ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಬರುವುದರಿಂದ, ಎಲ್‌ಓಟಿ ಓಡದಿದ್ದರೆ ಒಳ್ಳೆಯ ಟ್ಯೂಬೂ ಬೆಳಗುವುದಿಲ್ಲ. ಶಬ್ದ ಬರುತ್ತಿದೆಯೆಂದರೆ ಗೇಮ್ ಬೋರ್ಡ್ ಮತ್ತು ಅದರ ಪವರ್ ಸಪ್ಲೈ ಸರಿಯಿವೆ ಎಂದೇ ಅರ್ಥ. ಫ್ಯೂಸಿನ ತಂತಿ ಸುಮ್ಮನೆ ಕಡಿದಿದ್ದರೆ ಹಳೆಯದಾಗಿ ಹೋಗಿರಬಹುದು ಎನ್ನಬಹುದಿತ್ತು. ಗಾಜು ಕಪ್ಪಾಗಿದ್ದರೆ ಎಲ್ಲೋ ನೇರ ಶಾರ್ಟ್ ಇದೆ.

ಮುಟ್ಟುವ ಮುನ್ನ ಎರಡು ವಿಷಯ ತಿಳಿದಿರಲಿ. ಟ್ಯೂಬಿನ ಮೇಲಿನ ರಬ್ಬರ್ ಬಟ್ಟಲಿನ ಅಡಿಯಲ್ಲಿ 20,000 ವೋಲ್ಟಿಗೂ ಹೆಚ್ಚಿನ ವಿದ್ಯುತ್ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಸ್ಕ್ರೂ ಡ್ರೈವರಿನ ಲೋಹಕ್ಕೆ ಕಟ್ಟಿದ ವೈರನ್ನು ಟ್ಯೂಬಿನ ಹಿಂಬದಿಯನ್ನು ಬಳಸಿರುವ ಹೆಣೆದ ಅರ್ತ್ ತಂತಿಗೆ ಮೊದಲು ಸಿಕ್ಕಿಸಿ, ಒಂದೇ ಕೈಯಿಂದ ಅದರ ತುದಿಯನ್ನು ಬಟ್ಟಲಿನೊಳಗೆ ತಾಗಿಸಿ. ಇನ್ನೊಂದು, ಇಂತಹ ಅನೇಕ ಚಾಸಿಗಳು (ಮಾನಿಟರಿನ ಸರ್ಕ್ಯೂಟ್ ಬೋರ್ಡ್ ಮತ್ತು ಅದರ ಚೌಕಟ್ಟು) ನೇರವಾಗಿ ಮೇನ್ಸ್‌ಗೆ ಸೇರಿದಂತೆ ಇರುತ್ತವೆ. ಕ್ಯಾಬಿನೆಟ್ಟಿನ ತಳದಲ್ಲಿರುವ, ಚಾಸಿಯನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಬಿಟ್ಟು ಹೊರಗೆ ಎಂದೂ ಓಡಿಸಬೇಡಿ.

ಪ್ಲಗ್ ಕಿತ್ತು, ದೊಡ್ಡ ಫಿಲ್ಟರ್ ಕೆಪಾಸಿಟರನ್ನೂ ಬಲ್ಬಿನ ಮೂಲಕ ಖಾಲಿ ಮಾಡಿದ ಮೇಲೆ, ಡೀಗಾಸ್ ಕಾಯಿಲಿನ (ಪರದೆಯ ಕಾಂತತೆ ಅಳಿಸುವ ಸುರುಳಿಯ) ಕನೆಕ್ಟರ್ ತೆಗೆಯಿರಿ. ಅದರ ಪಾಸಿಸ್ಟರ್ (ಬಿಸಿಯಾದಂತೆ ರೋಧ ಹೆಚ್ಚುವ ಬಿಡಿಭಾಗ) ಒಡೆದೂ ಫ್ಯೂಸ್ ಹೋಗುವುದುಂಟು. ಅನಂತರ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ನಾಲ್ಕು ಡಯೋಡ್‌ಗಳನ್ನು ಅಳೆದು, ಹೀಟ್‌ಸಿಂಕಿನ ಮೇಲಿರುವ, ಎಲ್‌ಓಟಿಯನ್ನು ಓಡಿಸುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಬನ್ನಿ. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಅದು ಸತ್ತಿದೆ. ಬೇಸ್ ಮತ್ತು ಎಮಿಟರ್ ನಡುವೆ ಕಡಿಮೆ ಓಮ್ಸ್ ತೋರಿದರೆ ಗಾಬರಿ ಬೇಡ. ಬೋರ್ಡಿನಲ್ಲಿರುವಾಗ ಡ್ರೈವರ್ ಟ್ರಾನ್ಸ್‌ಫಾರ್ಮರಿನ ಸುತ್ತು ಅಲ್ಲಿ ಅಡ್ಡವಾಗಿ ಕೂತಿರುತ್ತದೆ.

ಶರಾವತಿ_ತೀರ (ಸಾಗರ)

ತುಂಬ ಉಪಕಾರವಾಯಿತು. ಡಯೋಡ್‌ಗಳು ಸರಿಯಿವೆ. ಟ್ರಾನ್ಸಿಸ್ಟರನ್ನು ಬಿಚ್ಚಿ ಅಳೆದರೂ ಕಲೆಕ್ಟರ್ ಮತ್ತು ಎಮಿಟರ್ ಎರಡೂ ದಿಕ್ಕಿನಲ್ಲಿ ಶಾರ್ಟ್. ಎಲ್‌ಓಟಿಯ ಕಾಲುಗಳ ಸುತ್ತ ಸೋಲ್ಡರಿನಲ್ಲಿ ಕೂದಲಿನಷ್ಟು ತೆಳುವಾದ ವೃತ್ತಾಕಾರದ ಬಿರುಕುಗಳೂ ಕಾಣುತ್ತಿವೆ. ಹೊಸ ಬಿಯು 508 ಟ್ರಾನ್ಸಿಸ್ಟರ್ ಹಾಕಿ ಆನ್ ಮಾಡಬಹುದೇ?

ತುಂಗಾ_ದಂಡೆ (ತೀರ್ಥಹಳ್ಳಿ)

ಹಾಕಬಹುದು, ಆದರೆ ಹಾಗೆಯೇ ಆನ್ ಮಾಡಬೇಡಿ. ಮೊದಲನೆಯದನ್ನು ಕೊಂದ ಕಾರಣ ಅಲ್ಲಿಯೇ ಇದ್ದರೆ ಹೊಸದು ಕ್ಷಣ ಮಾತ್ರದಲ್ಲಿ ಹೋಗುತ್ತದೆ. ನೀವು ಕಂಡ ಬಿರುಕುಗಳೇ ಒಂದು ಕಾರಣವಾಗಿರಬಹುದು. ಹಳೆಯ ಸೋಲ್ಡರನ್ನು ಪೂರ್ತಿ ಹೀರಿ ತೆಗೆದು ಹೊಸದಾಗಿ ಹಾಕಿ, ಡ್ರೈವರ್ ಟ್ರಾನ್ಸ್‌ಫಾರ್ಮರಿನ ಕಾಲುಗಳಿಗೂ ಹಾಗೆಯೇ ಮಾಡಿ. ನನ್ನ ಹೆಚ್ಚಿನ ಅನುಮಾನ ಕಲೆಕ್ಟರಿಗೆ ಸೇರಿರುವ ಟ್ಯೂನಿಂಗ್ ಕೆಪಾಸಿಟರಿನ ಮೇಲೆ. ಸಾಮಾನ್ಯವಾಗಿ 1.6 ಕಿಲೋವೋಲ್ಟಿನ ಈ ಕೆಪಾಸಿಟರಿನ ಕೆಪಾಸಿಟೆನ್ಸ್ ಕಡಿಮೆಯಾದಷ್ಟೂ ಪ್ರತಿ ಗೆರೆಯ ಕೊನೆಯಲ್ಲಿ ಏಳುವ ಪಲ್ಸ್ ಎತ್ತರವಾಗುತ್ತದೆ, ಟ್ರಾನ್ಸಿಸ್ಟರ್ ಅದನ್ನು ತಾಳುವುದಿಲ್ಲ, ಟ್ಯೂಬಿಗೆ ಹೋಗುವ ಇಎಚ್‌ಟಿಯೂ (ಅತಿ ಹೆಚ್ಚಿನ ವೋಲ್ಟೇಜ್) ಅಪಾಯದ ಮಟ್ಟಕ್ಕೆ ಏರುತ್ತದೆ. ಅದೇ ಕೆಪಾಸಿಟೆನ್ಸ್, ಅದೇ ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರನ್ನೇ ಹಾಕಬೇಕು.

ಬಿಯು 508ರಲ್ಲಿ ಕೊನೆಯ ಅಕ್ಷರವನ್ನು ನೋಡಿ ಕೊಳ್ಳಿ. ಡಿ ಎಂದಿದ್ದರೆ ಒಳಗೆ ಡ್ಯಾಂಪರ್ ಡಯೋಡ್ (ಹಿಮ್ಮುಖ ವಿದ್ಯುತ್ತಿಗೆ ದಾರಿ ಕೊಡುವ ಡಯೋಡ್) ಇದೆ, ಎ ಎಂದಿದ್ದರೆ ಇಲ್ಲ. ನಿಮ್ಮ ಹಳೆಯ ಟ್ರಾನ್ಸಿಸ್ಟರಿನ ನಂಬರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗುಜರಿಗೆ ಬಂದ ಹಳೆಯ ಕಲರ್ ಟಿವಿಗಳಲ್ಲಿ ಅಸಲಿ ಮಾಲು ಸಿಗುತ್ತದೆ, ಈಗ ಹೊಸದೆಂದು ಮಾರುವುದರಲ್ಲಿ ನಕಲಿ ಬಹಳ. ಆದರೆ ಟಿವಿಯ ಎಲ್‌ಓಟಿಯನ್ನು ಮಾತ್ರ ತಂದು ಕೂರಿಸಲು ಹೋಗಬೇಡಿ. ಪರದೆಯಲ್ಲಿ ಗೆರೆ ಮೂಡಿಸುವ ವೇಗ ಟಿವಿಯಲ್ಲಿ 15.625, ಆರ್ಕೇಡಿನಲ್ಲಿ ಸುಮಾರು 15.7 ಕಿಲೋಹರ್ಟ್ಸ್ ಎಂದು ಹತ್ತಿರವಿದ್ದರೂ ಕಾಲುಗಳ ಜೋಡಣೆ ಮತ್ತು ಸುತ್ತುಗಳು ಬೇರೆ.

ಟ್ರಾನ್ಸಿಸ್ಟರ್ ಹಾಕುವ ಮೊದಲು, ಅದಿಲ್ಲದೆಯೇ ಬಿ ಪ್ಲಸ್ (ಲೈನ್ ವಿಭಾಗಕ್ಕೆ ಹೋಗುವ ಮುಖ್ಯ ಡಿಸಿ ವೋಲ್ಟೇಜ್) ಮತ್ತು ಚಾಸಿಯ ಗ್ರೌಂಡ್ ನಡುವೆ 60 ವ್ಯಾಟಿನ ಬಲ್ಬನ್ನು ಭಾರವಾಗಿ ಕೊಟ್ಟು ಅಳೆಯಿರಿ. ಹಲವು ಚಾಸಿಗಳಲ್ಲಿ ಇದು 120ರಿಂದ 130 ವೋಲ್ಟ್ ಇರುತ್ತದೆ. 160ರ ಆಸುಪಾಸು ತೋರಿದರೆ ರೆಗ್ಯುಲೇಟರ್ ಶಾರ್ಟ್ ಆಗಿ, ಬ್ರಿಡ್ಜಿನಿಂದ ಬಂದದ್ದು ಹಾಗೆಯೇ ಮುಂದಕ್ಕೆ ಹೋಗುತ್ತಿದೆ. ಅದು ಸರಿಯಿದ್ದ ಮೇಲೆ ಮೈಕಾ ಹಾಳೆ, ಹೀಟ್‌ಸಿಂಕ್ ಪೇಸ್ಟ್ ಹಾಕಿ ಟ್ರಾನ್ಸಿಸ್ಟರ್ ಕೂರಿಸಿ, ಕಲೆಕ್ಟರಿಗೂ ಹೀಟ್‌ಸಿಂಕಿಗೂ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ನೋಡಿಕೊಂಡು, ಫ್ಯೂಸಿನ ಜಾಗದಲ್ಲಿ 100 ವ್ಯಾಟಿನ ಸೀರೀಸ್ ಬಲ್ಬ್ ಇಟ್ಟು ಹಾಕಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು; ಪೂರ್ಣ ಬೆಳಕಿನಲ್ಲಿಯೇ ನಿಂತರೆ ತಕ್ಷಣ ಆರಿಸಿ ಎಲ್‌ಓಟಿಯನ್ನು ರಿಂಗ್ ಟೆಸ್ಟಿಗೆ (ಒಳಗಿನ ಸುತ್ತುಗಳು ಶಾರ್ಟ್ ಆಗಿವೆಯೇ ಎಂದು ನೋಡುವ ಪರೀಕ್ಷೆಗೆ) ಒಡ್ಡಬೇಕಾಗುತ್ತದೆ.

ದುರ್ಗಿಗುಡಿ_ಟಿವಿ (ಶಿವಮೊಗ್ಗ)

ಮೇಲಿನ ಮಾತು ಪೂರ್ತಿ ಸರಿ. ನಮ್ಮ ಕಡೆಯ ಹವೆಗೆ ಸಂಬಂಧಿಸಿದಂತೆ ಒಂದನ್ನು ಸೇರಿಸುತ್ತೇನೆ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಸೆಟ್ಟಿನಲ್ಲಿ ಧೂಳು ತೇವ ಹೀರಿ ಎಲ್‌ಓಟಿಯ ಮೈಮೇಲೆ, ರಬ್ಬರ್ ಬಟ್ಟಲಿನ ಅಂಚಿನಲ್ಲಿ ಅಂಟಿಕೊಂಡಿರುತ್ತದೆ. ಇಎಚ್‌ಟಿ ಅದರ ಮೂಲಕ ಸೋರಿ ಚಟಪಟ ಸದ್ದು ಮಾಡುತ್ತದೆ. ಆ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅದು ಪೂರ್ತಿ ಆರುವವರೆಗೆ ಚಾಸಿಯನ್ನು ಬಿಸಿಲು ತಾಗುವ ಕೋಣೆಯಲ್ಲಿ ಇಟ್ಟ ಅನಂತರವೇ ಸೀರೀಸ್ ಬಲ್ಬಿನ ಪರೀಕ್ಷೆ ಮಾಡಿ. ಬಿ ಪ್ಲಸ್ ಎಷ್ಟು ಬಂತೆಂದು ಇಲ್ಲಿ ಬರೆಯಿರಿ, ಚಾಸಿಯ ಮೇಲಿನ ನಂಬರನ್ನೂ ತಿಳಿಸಿದರೆ ಸರಿಯಾದ ಅಂಕಿಯನ್ನು ಹುಡುಕಿ ಹೇಳುತ್ತೇನೆ.