ಪದಚರ್ಚೆ: ಫೈರ್‌ವಾಲ್ ‘ನೋಡುವುದು’, ‘ಬಿಚ್ಚಿ ನೋಡುವುದು’ – ಎರಡಕ್ಕೂ ತಪಾಸಣೆಯೇ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಒಂದು ಪತ್ತಿನ ಸಹಕಾರಿ ಸಂಘದ ಸಿಬ್ಬಂದಿಗೆಂದು ಕಂಪ್ಯೂಟರ್ ಸುರಕ್ಷತೆಯ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಫೈರ್‌ವಾಲ್ ಅಂದರೆ ಕಚೇರಿಯ ಜಾಲಕ್ಕೂ ಹೊರಗಿನ ಇಂಟರ್‌ನೆಟ್‌ಗೂ ನಡುವೆ ನಿಂತು, ಬರುವುದನ್ನೂ ಹೋಗುವುದನ್ನೂ ಕಾಯುವ ವ್ಯವಸ್ಥೆ. ಅದರ ಅಧ್ಯಾಯದಲ್ಲಿ ‘ತಪಾಸಣೆ’ ಎಂಬ ಪದ ಕಾಡುತ್ತಿದೆ. ಫೈರ್‌ವಾಲ್ ಅನ್ನು ಫೈರ್‌ವಾಲ್ ಎಂದೇ ಬಿಟ್ಟಿದ್ದೇನೆ. ಅಗ್ನಿಗೋಡೆ ಎಂದು ಬರೆದರೆ ಕೌಂಟರ್‌ನಲ್ಲಿ ಕೂತವರು ಗುರುತು ಹಿಡಿಯುವುದಿಲ್ಲ. ಆದರೆ ಅದು ಮಾಡುವ ಕೆಲಸಕ್ಕೆ ಕನ್ನಡದ ಕ್ರಿಯಾಪದಗಳು ಬೇಕೇ ಬೇಕು, ಅಲ್ವಾ?

ನಿಪ್ಪಾಣಿ ದಾಟಿ ಮಹಾರಾಷ್ಟ್ರದ ಗಡಿ ಹತ್ತಿರ ಕೊಗನೊಳ್ಳಿ ನಾಕಾ ಬರುತ್ತದೆ. ಅಂಥ ನಾಕಾದಲ್ಲಿ ಲಾರಿಯ ನಂಬರ್ ನೋಡಿ ಬಿಡುವುದು ಬೇರೆ, ತಾಡಪತ್ರಿ ಬಿಚ್ಚಿಸಿ ಒಳಗಿನ ಮಾಲು ನೋಡುವುದು ಬೇರೆ. ಫೈರ್‌ವಾಲ್‌ನಲ್ಲೂ ಈ ಎರಡು ಬಗೆ ಇವೆ. ಜಾಲದಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಹಳೆಯ ಬಗೆಯದು ಪ್ಯಾಕೆಟ್ಟಿನ ಮೇಲಿನ ಐಪಿ ವಿಳಾಸ (ಯಾವ ಕಂಪ್ಯೂಟರ್), ಪೋರ್ಟ್ ನಂಬರ್ (ಅದರ ಯಾವ ಬಾಗಿಲು) ಇಷ್ಟೇ ನೋಡುತ್ತದೆ. ಸ್ವಲ್ಪ ಜಾಣ ಫೈರ್‌ವಾಲ್ ಆದರೆ, ಹೊರಗಿನಿಂದ ಬಂದದ್ದು ಒಳಗಿನವರು ಕೇಳಿದ್ದಕ್ಕೆ ಉತ್ತರವೋ ಅಲ್ಲವೋ ಎಂದೂ ನೆನಪಿಟ್ಟುಕೊಳ್ಳುತ್ತದೆ. ಅಪ್ಲಿಕೇಶನ್ ಮಟ್ಟದ್ದು, ಅಂದರೆ ಒಳಗಿನ ಮಾಲನ್ನೂ ನೋಡುವ ಬಗೆ, ಹಾಗಲ್ಲ. ಬ್ರೌಸರ್ ಯಾವ ತಾಣ ಕೇಳಿತು, ಅದರಲ್ಲಿ ಯಾವ ಪುಟ, ಪುಟ ಬೇಡುತ್ತಿದೆಯೋ ಫಾರ್ಮ್ ಕಳಿಸುತ್ತಿದೆಯೋ, ಇಳಿಯುತ್ತಿರುವ ಫೈಲ್ ನಿಜಕ್ಕೂ ಪಿಡಿಎಫ್ ಹೌದೋ, ಗೂಢಲಿಪಿಯ ಮುಚ್ಚಳ ಇಲ್ಲದಿದ್ದರೆ ಎಲ್ಲವನ್ನೂ ಓದುತ್ತದೆ. ಹೀಗೆ ಓದಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಈಗ ಬಹುತೇಕ ಎಲ್ಲವೂ 443ನೇ ಪೋರ್ಟಿನಲ್ಲೇ ಓಡಾಡುತ್ತದೆ. ಬ್ಯಾಂಕಿನ ಪುಟ, ಸಿನಿಮಾ, ಕಳ್ಳ ಪ್ರೋಗ್ರಾಂ ಎಲ್ಲಕ್ಕೂ ಅದೇ ಬಾಗಿಲು. ಪೋರ್ಟ್ ನಂಬರ್ ನೋಡಿ ಏನೂ ತಿಳಿಯುವುದಿಲ್ಲ.

ಈ ಎಲ್ಲಕ್ಕೂ ನಾವು ‘ತಪಾಸಣೆ’ ಅಥವಾ ‘ಪರಿಶೀಲನೆ’ ಎಂದು ಬರೆದುಬಿಡುತ್ತೇವೆ. ನನಗೆ ಒಪ್ಪಿಗೆಯಾಗದೆ ಇರುವುದು ಅದೇ. ಓದುವವರಿಗೆ ಬೇಕಾದ ಮುಖ್ಯ ಸಂಗತಿಯೇ ಅದರಲ್ಲಿ ಮುಚ್ಚಿಹೋಗುತ್ತದೆ: ನನ್ನ ಪಾಸ್‌ವರ್ಡ್ ಈ ಯಂತ್ರಕ್ಕೆ ಕಾಣುತ್ತದೋ ಇಲ್ಲವೋ?

ಎಚ್‌ಟಿಟಿಪಿಎಸ್ ತಾಣವಾದರೆ, ಅಂದರೆ ಮಾತುಕತೆಯನ್ನು ಗೂಢಲಿಪಿಯಲ್ಲಿ ನಡೆಸುವ ತಾಣವಾದರೆ, ಫೈರ್‌ವಾಲ್‌ಗೆ ಸಾಮಾನ್ಯವಾಗಿ ಕಾಣುವುದು ತಾಣದ ಹೆಸರು ಮಾತ್ರ. ಸಂಪರ್ಕ ಶುರುವಾಗುವಾಗ ಬ್ರೌಸರ್ ಆ ಹೆಸರನ್ನು ಬಯಲಲ್ಲೇ ಹೇಳುತ್ತದೆ. ಅದನ್ನೂ ಮುಚ್ಚುವ ಹೊಸ ವಿಧಾನ ಬಂದಿದೆ, ಆದರೆ ಎಲ್ಲ ಕಡೆ ಇನ್ನೂ ಇಲ್ಲ. ಮುಂದಿನದು, ಅಂದರೆ ಯಾವ ಪುಟ, ಏನು ಟೈಪ್ ಮಾಡಿದಿರಿ ಎಂಬುದೆಲ್ಲ ಗೂಢಲಿಪಿಯಲ್ಲಿ ಹೋಗುತ್ತದೆ. ಅದನ್ನೂ ಓದಬೇಕೆಂದರೆ ಕಚೇರಿಯವರು ಮೊದಲೇ ಪ್ರತಿ ಕಂಪ್ಯೂಟರಿನಲ್ಲೂ ತಮ್ಮದೇ ಮೂಲ ಪ್ರಮಾಣಪತ್ರ ಹಾಕಿರಬೇಕು. ಪ್ರಮಾಣಪತ್ರ ಎಂದರೆ ತಾಣದ ಗುರುತಿನ ಚೀಟಿ; ಮೂಲ ಪ್ರಮಾಣಪತ್ರ ಇದ್ದರೆ ಅದರವರು ಕೊಟ್ಟ ಚೀಟಿಗಳನ್ನೆಲ್ಲ ಬ್ರೌಸರ್ ನಂಬುತ್ತದೆ. ಆಗ ಫೈರ್‌ವಾಲ್ ನಡುವೆ ನಿಂತು ಬ್ರೌಸರ್‌ಗೆ ‘ನಾನೇ ಆ ತಾಣ’ ಎನ್ನುತ್ತದೆ. ಆ ಹೆಸರಿಗೆ ಅಲ್ಲೇ ಒಂದು ಪ್ರಮಾಣಪತ್ರ ತಯಾರಿಸಿ ಕೊಡುತ್ತದೆ. ಬಂದದ್ದನ್ನು ಬಿಚ್ಚಿ, ಓದಿ, ಮತ್ತೆ ಮುಚ್ಚಿ ನಿಜವಾದ ತಾಣಕ್ಕೆ ಕಳಿಸುತ್ತದೆ. ಬ್ರೌಸರ್ ಏನೂ ತಕರಾರು ಮಾಡುವುದಿಲ್ಲ. ವಿಳಾಸದ ಪಕ್ಕದ ಚಿಹ್ನೆ ಒತ್ತಿ, ಪ್ರಮಾಣಪತ್ರ ಕೊಟ್ಟವರು ಯಾರೆಂದು ನೋಡಿದರೆ ಮಾತ್ರ ಕಚೇರಿಯದೋ ಫೈರ್‌ವಾಲ್‌ನದೋ ಹೆಸರು ಕಾಣುತ್ತದೆ. ಬ್ಯಾಂಕ್, ಆಸ್ಪತ್ರೆ ತಾಣಗಳನ್ನು ಬಿಚ್ಚದೆ ಬಿಡುವ ಪದ್ಧತಿ ಹಲವೆಡೆ ಇದೆ. ಆದರೆ ಅದು ಫೈರ್‌ವಾಲ್ ತಾನಾಗಿ ಮಾಡುವ ಉಪಕಾರ ಅಲ್ಲ, ಯಾರಾದರೂ ಹಾಗೆಂದು ನಿಯಮ ಹಾಕಬೇಕು.

ಇಷ್ಟು ದೊಡ್ಡ ವ್ಯತ್ಯಾಸವನ್ನು ‘ಜಾಲ ಸಂಚಾರವನ್ನು ಪರಿಶೀಲಿಸಲಾಗುವುದು’ ಎಂಬ ಒಂದು ಸಾಲು ನುಂಗಿಹಾಕುತ್ತದೆ. ಹಾಗಾಗಿ ‘ವಿಳಾಸ ನೋಡುವುದು’, ‘ಹೆಸರು ನೋಡುವುದು’, ‘ಬಿಚ್ಚಿ ಓದುವುದು’ ಎಂದು ಬೇರೆಬೇರೆಯಾಗಿ ಬರೆಯಬೇಕೆಂದಿದ್ದೇನೆ. ನಮ್ಮ ಕಡೆ ‘ಝಡತಿ’ ಎಂಬ ಗಟ್ಟಿ ಪದವೂ ಇದೆ. ಒಳಗೆ ಕೈ ಹಾಕಿ ಹುಡುಕುವುದು ಎಂಬ ಅರ್ಥ ಅದರಲ್ಲಿ ಸರಿಯಾಗಿ ಬರುತ್ತದೆ. ಆದರೆ ಅಂಗಝಡತಿ ಎಂಬ ಪೊಲೀಸ್ ಮಾತಿನ ನೆನಪಾಗಿ, ಸಿಬ್ಬಂದಿಗೆ ತಮ್ಮ ಮೇಲೆಯೇ ಅನುಮಾನ ಎಂದು ಅನಿಸೀತು.

ಇನ್ನೊಂದು ಬಗೆ, ವೆಬ್ ಅಪ್ಲಿಕೇಶನ್ ಫೈರ್‌ವಾಲ್. ಇದು ಕಾಯುವುದು ನಮ್ಮನ್ನಲ್ಲ, ನಮ್ಮ ತಾಣವನ್ನು. ಹೊರಗಿನವರು ಹುಡುಕು ಪೆಟ್ಟಿಗೆಯಲ್ಲಿ ಡೇಟಾಬೇಸ್ ಆದೇಶ ತುರುಕಿದರೆ ಹಿಡಿಯುತ್ತದೆ. ಇದು ಮೊದಲು ಬರಹವನ್ನು ಮೂಲ ರೂಪಕ್ಕೆ ತರಬೇಕು. ‘ಬೆಳಗಾವಿ’ ಎಂದು ಹುಡುಕಿದಿರಿ ಎನ್ನಿ. ಕಂಪ್ಯೂಟರ್ ಅಕ್ಷರಗಳನ್ನು ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ಅದು 7 ಚಿಹ್ನೆ, ಸ್ವರಚಿಹ್ನೆಗಳೂ ಬೇರೆಯಾಗಿ ಸೇರಿ. ಒಂದೊಂದಕ್ಕೂ 3 ಬೈಟ್, ಒಟ್ಟು 21. ವಿಳಾಸದಲ್ಲಿ ಪ್ರತಿ ಬೈಟ್‌ಗೂ ಶೇಕಡಾ ಗುರುತು ಹಾಗೂ ಎರಡು ಅಂಕಿ-ಅಕ್ಷರ ಸೇರಿ 63 ಅಕ್ಷರಗಳ ಸಾಲಾಗುತ್ತದೆ. ದಾಳಿ ಮಾಡುವವರೂ ಇದೇ ವೇಷದಲ್ಲಿ ಬರುತ್ತಾರೆ. ಬಿಡಿಸದೆ ನೋಡಿದರೆ ಕಳ್ಳನೂ ದಾಟುತ್ತಾನೆ. ನಿಯಮ ಅತಿ ಬಿಗಿಯಾದರೆ ಒಳ್ಳೆಯವರೂ ಸಿಕ್ಕಿಬೀಳುತ್ತಾರೆ. ಡಿಸೋಜಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಆದ ಮೇಲೆ ಬರುವ ಮೇಲ್ಕೊಂಡಿ (') ಗುರುತನ್ನೇ ದಾಳಿ ಎಂದು ತಿಳಿದು ಅರ್ಜಿ ತಡೆಯುವುದುಂಟು. ಇದಕ್ಕೆ ‘ಸುಳ್ಳು ಎಚ್ಚರಿಕೆ’ ಎಂಬ ಪದ ಓಡಾಡುತ್ತಿದೆ. ಇಲ್ಲಿ ಆಗುವುದು ಎಚ್ಚರಿಕೆ ಅಲ್ಲ, ಒಬ್ಬರ ಕೆಲಸ ನಿಲ್ಲುವುದು. ಹಾಗಾಗಿ ‘ತಪ್ಪು ತಡೆ’ ಮೇಲು ಎಂದು ನನ್ನ ಅನಿಸಿಕೆ.

ಕೊನೆಗೆ ಒಂದು ಸಣ್ಣ ಪ್ರಶ್ನೆ. ಫೈರ್‌ವಾಲ್ ಬೇಡವಾದ ಪ್ಯಾಕೆಟ್ಟನ್ನು ಉತ್ತರ ಕೊಟ್ಟು ನಿರಾಕರಿಸಬಹುದು, ಇಲ್ಲವೇ ಮಾತಾಡದೆ ಬಿಸಾಡಬಹುದು. ಮೊದಲನೆಯದಕ್ಕೆ ‘ವಾಪಸ್ ಕಳಿಸು’ ಸಾಕು. ಎರಡನೆಯದಕ್ಕೆ ನಮ್ಮ ಬಾಯಲ್ಲಿ ಬರುವುದು ‘ಒಗೆ’. ಆದರೆ ಮೈಸೂರು ಕಡೆಯವರಿಗೆ ಒಗೆಯುವುದೆಂದರೆ ಬಟ್ಟೆಯೇ. ಕೈಪಿಡಿ ಮುಂದೆ ಬೇರೆ ಜಿಲ್ಲೆಗಳಿಗೂ ಹೋಗಲಿದೆ. ಎರಡೂ ಕಡೆ ನಡೆಯುವ, ‘ಸುಮ್ನೆ ಬಿಸಾಡು’ ಎನ್ನುವುದಕ್ಕಿಂತ ಚಿಕ್ಕ ಪದ ನಿಮ್ಮಲ್ಲಿದೆಯೇ? ‘ಬಿಚ್ಚಿ ಓದುವುದು’ ನಿಮಗೆ ಒಪ್ಪಿಗೆಯೋ ಇಲ್ಲವೋ ಎಂಬುದನ್ನೂ ದಯವಿಟ್ಟು ತಿಳಿಸಿ.